ಕಥೆ ಇಲ್ಲದ ಕಿರುಚಿತ್ರ ಕವಿತೆ ಆಗುವುದು ಯಾವಾಗ?

ಪ್ರಶ್ನೆ: ನಾನು ಕವಿತೆ ಬರೆಯುತ್ತೇನೆ. ಮಾರಾಟಕ್ಕೆ ಬಂದಿರುವ ನಮ್ಮ ಅಜ್ಜನ ಮನೆಯ ಬಗ್ಗೆ ಬರೆದ ಕವಿತೆಯನ್ನು ಇಟ್ಟುಕೊಂಡು ಫೋನ್‌ನಲ್ಲೇ ಆರು ನಿಮಿಷದ ಕಿರುಚಿತ್ರ ಮಾಡಿದ್ದೇನೆ. ಹಿನ್ನೆಲೆಯಲ್ಲಿ ನಾನೇ ಕವಿತೆ ಓದಿದ್ದೇನೆ. ಬಾಗಿಲು, ಜಗಲಿ, ಬಾವಿ, ಮಳೆ ಎಲ್ಲವೂ ಸ್ಲೋ ಮೋಷನ್‌ನಲ್ಲಿ ಚೆನ್ನಾಗಿಯೇ ಬಂದಿವೆ. ಆದರೆ ಗೆಳೆಯರು ನೋಡಿ 'ಹೋಮ್‌ಸ್ಟೇ ಜಾಹೀರಾತಿನ ಥರ ಇದೆ' ಅಂದರು. ದೃಶ್ಯಕಾವ್ಯ ಅಂತ ಹೇಳಿಕೊಳ್ಳುವ ಬೇರೆಯವರ ಚಿತ್ರಗಳನ್ನು ನೋಡಿದರೆ ಎಷ್ಟೋ ಅರ್ಥವೇ ಆಗುವುದಿಲ್ಲ. ಕಥೆ ಇಲ್ಲದ ಚಿತ್ರ ಕವಿತೆ ಆಗುವುದು ಯಾವಾಗ? ನನ್ನ ಚಿತ್ರದಲ್ಲಿ ಏನು ತಪ್ಪಿದೆ? ಮುಂದೆ ಬೇಂದ್ರೆಯವರ ಒಂದು ಕವಿತೆಯನ್ನು ಚಿತ್ರ ಮಾಡುವ ಆಸೆ ಇದೆ. ಅದಕ್ಕೆ ಅನುಮತಿ ಬೇಕಾ?

ಉತ್ತರ: ನೀವು ಕಳಿಸಿದ ಚಿತ್ರವನ್ನು ಹಲವು ಸಲ ನೋಡಿದೆ. ಗೆಳೆಯರ ಮಾತು ಒರಟಾಗಿದೆ, ಆದರೆ ಅದರಲ್ಲಿ ನಿಜ ಇದೆ. ಫೋನ್ ಕ್ಯಾಮೆರಾವನ್ನು ದೂರಬೇಡಿ. ಕವಿತೆಯೂ ಚೆನ್ನಾಗಿದೆ. ತೊಂದರೆ ಇರುವುದು ಎರಡನ್ನೂ ಜೋಡಿಸಿದ ಕಡೆ. ನಿಮ್ಮ ದನಿ 'ಬಾಗಿಲು' ಅಂದಾಗ ತೆರೆಯ ಮೇಲೆ ಬಾಗಿಲು ಬರುತ್ತದೆ. 'ಬಾವಿ' ಅಂದಾಗ ಬಾವಿ. 'ಮಳೆ' ಅಂದಾಗ ಮಳೆ. ಕಿವಿ ಕೇಳಿದ್ದನ್ನೇ ಕಣ್ಣು ಮತ್ತೊಮ್ಮೆ ನೋಡುತ್ತದೆ. ಹೆಸರು ಹೇಳಿ ವಸ್ತು ತೋರಿಸುವುದು ಜಾಹೀರಾತಿನ ಕ್ರಮ. ನೋಡಿದವರಿಗೆ ಅದೇ ನೆನಪಾಗಿದೆ, ಅಷ್ಟೇ.

ಆದರೆ ನಾಲ್ಕನೇ ನಿಮಿಷದ ಹತ್ತಿರ ಒಂದು ಶಾಟ್ ಇದೆ. ನಿಮ್ಮ ಅಮ್ಮ ಇರಬೇಕು, ಕತ್ತಲೆ ಕೋಣೆಯೊಳಗೆ ಬರುತ್ತಾರೆ. ಗೋಡೆಯ ಕಡೆ ನೋಡದೆಯೇ ಕೈ ಚಾಚುತ್ತಾರೆ. ಕೈ ಸೀದಾ ಸ್ವಿಚ್ಚಿನ ಮೇಲೇ ಹೋಗಿ ಕೂರುತ್ತದೆ. ಒತ್ತುತ್ತಾರೆ. ಲೈಟ್ ಹತ್ತುವುದಿಲ್ಲ, ಕರೆಂಟ್ ಕನೆಕ್ಷನ್ ಆಗಲೇ ತೆಗೆಸಿಯಾಗಿದೆ. ಅಲ್ಲಿಗೆ ನೀವು ಕತ್ತರಿಸಿಬಿಟ್ಟಿದ್ದೀರಿ, ಯಾಕೆಂದರೆ ಕವಿತೆಯ ಮುಂದಿನ ಸಾಲು ತುಳಸಿಕಟ್ಟೆಯದ್ದು. ಆ ಶಾಟ್ ಎರಡು ಮೂರು ಸೆಕೆಂಡ್ ಇರಬಹುದು. ಆರು ನಿಮಿಷದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೊಂದೇ. ಆ ಮನೆಯಲ್ಲಿ ಎಷ್ಟು ವರ್ಷ ಬದುಕಿದರು ಅನ್ನುವುದು ಆ ಕೈಯಲ್ಲೇ ಇದೆ. ಇನ್ನು ಆ ಮನೆ ಅವರದಲ್ಲ ಅನ್ನುವುದು ಹತ್ತದ ದೀಪದಲ್ಲಿದೆ. ಇಲ್ಲಿ ಯಾವ ಮಾತೂ ಬೇಕಾಗಿಲ್ಲ. ನಿಮ್ಮ ಉಳಿದ ಪ್ರಶ್ನೆಗಳಿಗೂ ಈ ಶಾಟ್ ಹಿಡಿದೇ ಉತ್ತರ ಹೇಳುತ್ತೇನೆ.

ಮೊದಲು ಕಥೆಯ ಪ್ರಶ್ನೆ. 1953ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಸಿನಿಮಾ 16 ಅನ್ನುವ ಫಿಲ್ಮ್ ಸೊಸೈಟಿ 'ಕವಿತೆ ಮತ್ತು ಸಿನಿಮಾ' ಅಂತ ಒಂದು ಚರ್ಚೆ ಇಟ್ಟಿತ್ತು. ಕವಿ ಡಿಲನ್ ಥಾಮಸ್, ನಾಟಕಕಾರ ಆರ್ಥರ್ ಮಿಲ್ಲರ್ ವೇದಿಕೆಯಲ್ಲಿದ್ದರು. ಅವರ ಜೊತೆ ಮಾಯಾ ಡೆರೆನ್ ಇದ್ದರು. ಕೀವ್‌ನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಹೋದವರು. ಕಥೆ ಇಲ್ಲದ ಪುಟ್ಟ ಚಿತ್ರಗಳನ್ನು ಮಾಡಿ, ತಾವೇ ಹಾಲ್ ಬಾಡಿಗೆಗೆ ಹಿಡಿದು ತೋರಿಸುತ್ತಿದ್ದವರು. ಡೆರೆನ್ ಅವತ್ತು ಹೇಳಿದ್ದರ ಸಾರ ಇಷ್ಟು: ನಾಟಕ ಅಡ್ಡಡ್ಡಕ್ಕೆ ಸಾಗುತ್ತದೆ, ಒಂದು ಘಟನೆಯಿಂದ ಇನ್ನೊಂದು ಘಟನೆಗೆ. ಕವಿತೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಒಂದೇ ಗಳಿಗೆಯೊಳಕ್ಕೆ. ಮುಂದೇನಾಯಿತು ಅನ್ನುವುದಕ್ಕಿಂತ ಈ ಗಳಿಗೆಯಲ್ಲಿ ಏನೇನಿದೆ ಅನ್ನುವುದು ಅದಕ್ಕೆ ಮುಖ್ಯ. ಥಾಮಸ್, ಮಿಲ್ಲರ್ ಇಬ್ಬರೂ ಇದನ್ನು ಅಷ್ಟಾಗಿ ಒಪ್ಪಲಿಲ್ಲ. ಥಾಮಸ್ ತಮಾಷೆ ಮಾಡಿ ಸಭೆಯನ್ನು ನಗಿಸಿದರು. ಅವತ್ತಿನ ನಗು ಏನೇ ಇರಲಿ, ಈ ಬಗೆಯ ಚಿತ್ರಗಳ ಬಗ್ಗೆ ಇವತ್ತಿಗೂ ಜನ ಕೈಗೆತ್ತಿಕೊಳ್ಳುವುದು ಡೆರೆನ್ ಮಾತನ್ನೇ.

ನಮಗೆ ಇದು ಹೊಸದೇನಲ್ಲ. ಗಮಕ ಕೇಳಲು ಹೋದವರಿಗೆ ಕರ್ಣ ಸಾಯುತ್ತಾನೆ ಅನ್ನುವುದು ಮೊದಲೇ ಗೊತ್ತು. ಆದರೂ ಗಮಕಿ ಒಂದೇ ಪದ್ಯವನ್ನು ಎಳೆದು, ಒಂದೇ ಸಾಲಿಗೆ ಮತ್ತೆ ಮತ್ತೆ ಬಂದಾಗ ಯಾರೂ 'ಮುಂದೆ ಹೋಗಿ' ಅನ್ನುವುದಿಲ್ಲ. ಕಥೆ ಅಲ್ಲಿ ನಿಂತಿರುತ್ತದೆ, ಕೇಳುವವರು ಮಾತ್ರ ಒಳಗೆ ಇಳಿಯುತ್ತಿರುತ್ತಾರೆ. ಇಷ್ಟು ಅಭ್ಯಾಸ ಇರುವ ನಾವು ಸಿನಿಮಾ ಮುಂದೆ ಕೂತ ತಕ್ಷಣ 'ಕಥೆ ಏನು' ಅಂತ ಕೇಳುತ್ತೇವೆ, ಅಲ್ವಾ?

ಡೆರೆನ್ ಇದನ್ನು ಬರೀ ಮಾತಲ್ಲಿ ಹೇಳಿದವರಲ್ಲ. 1943ರಲ್ಲಿ ಗಂಡ ಅಲೆಕ್ಸಾಂಡರ್ ಹಾಮಿಡ್ ಜೊತೆ ಲಾಸ್ ಏಂಜಲೀಸ್‌ನ ತಮ್ಮದೇ ಮನೆಯಲ್ಲಿ, 16 ಎಂಎಂ ಕ್ಯಾಮೆರಾದಲ್ಲಿ 'ಮೆಶಸ್ ಆಫ್ ದಿ ಆಫ್ಟರ್‌ನೂನ್' ಮಾಡಿದರು. ಸುಮಾರು 14 ನಿಮಿಷದ ಚಿತ್ರ. ಮಾತಿಲ್ಲ. ಮೊದಲು ಸಂಗೀತವೂ ಇರಲಿಲ್ಲ, ತೈಜಿ ಇಟೊ ಅವರ ಸಂಗೀತ ಸೇರಿದ್ದು 1959ರಲ್ಲಿ. ಒಬ್ಬ ಹೆಂಗಸು ಮನೆಗೆ ಬರುತ್ತಾಳೆ, ಕುರ್ಚಿಯಲ್ಲಿ ನಿದ್ದೆ ಹೋಗುತ್ತಾಳೆ. ಕನಸಿನಲ್ಲಿ ಅದೇ ಬರುವಿಕೆ ಮತ್ತೆ ಮತ್ತೆ ನಡೆಯುತ್ತದೆ. ಒಂದು ಹೂವು, ಒಂದು ಬೀಗದ ಕೈ, ಬ್ರೆಡ್ ಕತ್ತರಿಸುವ ಚಾಕು, ಕೆಳಗಿಟ್ಟ ಫೋನ್ ರಿಸೀವರ್. ಚಿತ್ರದ ಸಾಮಾನು ಬಹುಪಾಲು ಇಷ್ಟೇ. ಪ್ರತಿ ಸಲ ಇವೇ ಬರುತ್ತವೆ, ಆದರೆ ಹೋದ ಸಲ ಇದ್ದ ಹಾಗೆ ಇರುವುದಿಲ್ಲ. ಬೀಗದ ಕೈ ನೋಡ ನೋಡುತ್ತಿದ್ದಂತೆ ಚಾಕು ಆಗಿರುತ್ತದೆ.

ಅದರಲ್ಲಿ ಒಂದು ಕಡೆ ಆಕೆ ಚಾಕು ಹಿಡಿದು, ನಿದ್ದೆ ಮಾಡುತ್ತಿರುವ ತನ್ನ ಕಡೆಗೇ ನಡೆಯುತ್ತಾಳೆ. ಕ್ಯಾಮೆರಾ ಪಾದ ತೋರಿಸುತ್ತದೆ. ಒಂದು ಹೆಜ್ಜೆ ಸಮುದ್ರ ದಂಡೆಯ ಮರಳಿನ ಮೇಲೆ. ಮುಂದಿನದು ಹುಲ್ಲಿನ ಮೇಲೆ. ಆಮೇಲೆ ಕಾಲುದಾರಿಯ ಗಟ್ಟಿ ನೆಲ. ಆಮೇಲೆ ಮನೆಯ ಕಾರ್ಪೆಟ್. ನಡಿಗೆ ಒಂದೇ, ನಿಲ್ಲುವುದೇ ಇಲ್ಲ. ನೆಲ ಮಾತ್ರ ಬದಲಾಗುತ್ತದೆ. ಕುರ್ಚಿಯ ತನಕ ಇರುವ ನಾಲ್ಕು ಹೆಜ್ಜೆ ಎಷ್ಟು ದೂರದ ದಾರಿ ಅನ್ನುವುದು ಮೈಗೆ ಗೊತ್ತಾಗುತ್ತದೆ. ಹೆಜ್ಜೆಗಳನ್ನು ಬಿಡಿಬಿಡಿಯಾಗಿ ನೋಡಿದರೆ ಏನೂ ಇಲ್ಲ, ಸುಮ್ನೆ ನಾಲ್ಕು ಪಾದದ ಶಾಟ್‌ಗಳು. ಪಕ್ಕಪಕ್ಕ ಇಟ್ಟಾಗ ಹುಟ್ಟಿದ್ದೇ ಕವಿತೆ. ನಿಮ್ಮ ಚಿತ್ರದಲ್ಲಿ ನೀವು ಪ್ರತಿ ಶಾಟ್ ಚೆಂದ ಮಾಡಲು ಬೇಕಾದಷ್ಟು ಶ್ರಮ ಹಾಕಿದ್ದೀರಿ. ಯಾವುದರ ಪಕ್ಕ ಯಾವುದು ಅನ್ನುವುದನ್ನು ಮಾತ್ರ ಕವಿತೆಯ ಸಾಲುಗಳಿಗೆ ಬಿಟ್ಟುಕೊಟ್ಟಿದ್ದೀರಿ.

ಇನ್ನು ಮಳೆ. ಸ್ಲೋ ಮೋಷನ್‌ನಲ್ಲಿ ಹಂಚಿನಿಂದ ಬೀಳುವ ಹನಿ ನಿಮಗೆ ಎಷ್ಟು ಇಷ್ಟವಾಗಿದೆ ಅನ್ನುವುದು ಗೊತ್ತಾಗುತ್ತದೆ, ಅದು ಮತ್ತೆ ಮತ್ತೆ ಬರುತ್ತದೆ. ದಯವಿಟ್ಟು ಯೋರಿಸ್ ಇವೆನ್ಸ್ ಮತ್ತು ಮನ್ನುಸ್ ಫ್ರಾಂಕೆನ್ 1929ರಲ್ಲಿ ಮಾಡಿದ 'ರೇಗೆನ್' ನೋಡಿ. ಅಂದರೆ ಮಳೆ. ಆಮ್‌ಸ್ಟರ್‌ಡ್ಯಾಮ್ ಊರಿನ ಮೇಲೆ ಒಂದು ಮಳೆ ಬಂದು ಹೋಗುವುದು, ಹನ್ನೆರಡು ಹದಿನಾಲ್ಕು ನಿಮಿಷ. ಮೊದಲು ಬಿಸಿಲು, ಕಾಲುವೆ, ಮನೆಗಳ ಮಾಡು. ಗಾಳಿ ಏಳುತ್ತದೆ, ಒಣಗಲು ಹಾಕಿದ ಬಟ್ಟೆ ಹಾರುತ್ತದೆ. ಕಾಲುವೆಯ ನೀರಿನ ಮೇಲೆ ಮೊದಲ ಹನಿಯ ಉಂಗುರ. ಒಬ್ಬಾತ ಕೈ ಚಾಚಿ ನೋಡಿ ಕೋಟಿನ ಕಾಲರ್ ಎತ್ತುತ್ತಾನೆ. ಕಿಟಕಿ ಮುಚ್ಚುತ್ತಾರೆ. ಆಮೇಲೆ ಕೊಡೆ, ಟ್ರಾಮ್, ಒದ್ದೆ ರಸ್ತೆಯಲ್ಲಿ ಕಾಣುವ ನೆರಳು. ಕೊನೆಗೆ ಮಳೆ ನಿಲ್ಲುತ್ತದೆ. ಅಷ್ಟೇ.

ನೋಡಿದರೆ ಒಂದು ಮಧ್ಯಾಹ್ನದ ಮಳೆ. ಆದರೆ ಅದನ್ನು ತೆಗೆಯಲು ತಿಂಗಳುಗಟ್ಟಲೆ ಹಿಡಿದಿದೆ. ಇವೆನ್ಸ್ ಆ ದಿನಗಳಲ್ಲಿ ಕ್ಯಾಮೆರಾ ಬಿಟ್ಟು ಹೊರಗೆ ಹೋಗುತ್ತಲೇ ಇರಲಿಲ್ಲ. ಊರಿನ ಬೇರೆ ಬೇರೆ ಕಡೆ ಇದ್ದ ಗೆಳೆಯರಿಗೆ, ತಮಗೆ ಬೇಕಾದ ಬಗೆಯ ಮಳೆ ಶುರುವಾದರೆ ಫೋನ್ ಮಾಡಿ ಅಂತ ಹೇಳಿಟ್ಟಿದ್ದರು. ಜಡಿಮಳೆ ಒಂದು ದಿನದ್ದು, ಜಿನುಗು ಇನ್ನೊಂದು ದಿನದ್ದು, ಹೊಳಪು ಮತ್ತೊಂದು ದಿನದ್ದು. ಎಲ್ಲ ಸೇರಿ ಆ ಊರಿನಲ್ಲಿ ಎಂದೂ ಬೀಳದ ಒಂದು ಮಳೆ ಆಯಿತು, ಆದರೆ ನೋಡಿದವರೆಲ್ಲ ಅದನ್ನು ತಮಗೆ ಗೊತ್ತಿರುವ ಮಳೆ ಅಂತಲೇ ನಂಬುತ್ತಾರೆ. ಮುಂದೆ 1941ರಲ್ಲಿ ಹಾನ್ಸ್ ಐಸ್ಲರ್ ಈ ಚಿತ್ರಕ್ಕೆಂದೇ ಸಂಗೀತ ಬರೆದರು. ಅದರ ಹೆಸರು 'ಮಳೆಯನ್ನು ಬಣ್ಣಿಸುವ ಹದಿನಾಲ್ಕು ಬಗೆಗಳು'.

ಸ್ಲೋ ಮೋಷನ್ ಬಗ್ಗೆ ನನ್ನ ಆಕ್ಷೇಪ ಇಲ್ಲೇ ಇದೆ. ಹನಿಯನ್ನು ನಿಧಾನ ಮಾಡಿದರೆ ಎಲ್ಲ ಊರಿನ ಹನಿಯೂ ಒಂದೇ ಥರ ಕಾಣುತ್ತದೆ. ನಿಮ್ಮ ಊರಿನ ಮಳೆಗೆ ಅದರದೇ ಒಂದು ಓಟ ಇದೆ. ಜಗಲಿಗೆ ಇರಚಲು ಹೊಡೆದಾಗ ಜನ ಚಾಪೆ ಎಳೆಯುವ ಅವಸರ ಇದೆ. ಆ ವೇಗವನ್ನು ಕಿತ್ತುಕೊಂಡರೆ ಉಳಿಯುವುದು ಬರೀ ನೀರಿನ ಹೊಳಪು. ಮುಂದೆ ಡ್ರೋನ್ ಶಾಟ್ ಸೇರಿಸುವ ಮನಸ್ಸಾದರೆ ಅದೂ ಹಾಗೆಯೇ. ಆ ಮನೆಯಲ್ಲಿ ಬಾಳಿದ ಯಾರೂ ಅದನ್ನು ಆಕಾಶದಿಂದ ನೋಡಿಲ್ಲ. ಮಾರಲು ಬಂದವರು, ಕೊಳ್ಳಲು ಬಂದವರು ನೋಡುವ ನೋಟ ಅದು.

ನಿಮ್ಮ ಮುಖ್ಯ ತೊಡಕು ಮಾತು ಮತ್ತು ದೃಶ್ಯದ ಸಂಬಂಧ. ಅದಕ್ಕೆ ನನಗೆ ಗೊತ್ತಿರುವ ದೊಡ್ಡ ಪಾಠ ಒಬ್ಬ ಕವಿಯೇ ಮಾಡಿದ ಚಿತ್ರ. ಇರಾನಿನ ಫರೂಗ್ ಫರೋಖ್‌ಜಾದ್. ಪರ್ಷಿಯನ್ ಭಾಷೆಯ ಆಧುನಿಕ ಕವಿತೆಯಲ್ಲಿ ದೊಡ್ಡ ಹೆಸರು. 1962ರಲ್ಲಿ ತಬ್ರೀಜ್ ಹತ್ತಿರದ ಬಾಬಾಬಾಗಿ ಕುಷ್ಠರೋಗಿಗಳ ವಸತಿಗೆ ಹೋಗಿ, ಕೆಲವೇ ದಿನಗಳಲ್ಲಿ 'ಮನೆ ಕಪ್ಪಗಿದೆ' ಅನ್ನುವ ಚಿತ್ರ ತೆಗೆದರು. ಸುಮಾರು 20 ನಿಮಿಷ. ನಿರ್ಮಾಣ ಇಬ್ರಾಹಿಂ ಗೋಲೆಸ್ತಾನ್ ಅವರದ್ದು. ಮಾಡಿಸಿದ್ದು ಕುಷ್ಠರೋಗಿಗಳಿಗೆ ನೆರವಾಗುವ ಒಂದು ಸಂಘ. ಅಂದರೆ ಇದು ಪ್ರಚಾರಕ್ಕೆಂದು ಹೇಳಿ ಮಾಡಿಸಿದ ಸಾಕ್ಷ್ಯಚಿತ್ರ. 1963ರಲ್ಲಿ ಜರ್ಮನಿಯ ಓಬರ್‌ಹೌಸನ್ ಕಿರುಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ಫರೂಗ್ ನಿರ್ದೇಶಿಸಿದ ಚಿತ್ರ ಇದೊಂದೇ. 1967ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 32 ವರ್ಷ.

ಈ ಚಿತ್ರದಲ್ಲಿ ಎರಡು ದನಿಗಳಿವೆ. ಒಂದು ಗಂಡು ದನಿ, ಕುಷ್ಠ ಹೇಗೆ ಹರಡುತ್ತದೆ, ಹೇಗೆ ವಾಸಿ ಮಾಡಬಹುದು ಅನ್ನುವುದನ್ನು ವೈದ್ಯರ ಹಾಗೆ ನೇರವಾಗಿ ಹೇಳುತ್ತದೆ. ಇನ್ನೊಂದು ಫರೂಗ್ ಅವರದ್ದು. ಅದರಲ್ಲಿ ಅವರ ಸಾಲುಗಳೂ ಇವೆ, ಬೈಬಲ್ಲಿನ ಹಳೆಯ ಒಡಂಬಡಿಕೆಯ ಸಾಲುಗಳೂ ಇವೆ. ಗಮನಿಸಬೇಕಾದ್ದು ಇದು: ಅವರ ದನಿ ತೆರೆಯ ಮೇಲೆ ಇರುವುದನ್ನು ಹೆಸರಿಸುವ ಕೆಲಸಕ್ಕೆ ಹೋಗುವುದೇ ಇಲ್ಲ. ಒಂದು ಕಡೆ ಒಬ್ಬಾತ ಕಟ್ಟಡದ ಗೋಡೆಯ ಪಕ್ಕ ಅತ್ತಿಂದಿತ್ತ ನಡೆಯುತ್ತಾನೆ. ಗೋಡೆಯ ಕೊನೆ ಮುಟ್ಟಿ ತಿರುಗುತ್ತಾನೆ, ಮತ್ತೆ ಬರುತ್ತಾನೆ. ಫರೂಗ್ ಆಗ ಓದುವುದು ವಾರದ ದಿನಗಳ ಹೆಸರು. ಶನಿವಾರ, ಭಾನುವಾರ, ಸೋಮವಾರ... ಇರಾನಿನಲ್ಲಿ ವಾರ ಶುರುವಾಗುವುದು ಶನಿವಾರ. ಬೇರೆ ಏನೂ ಹೇಳುವುದಿಲ್ಲ. 'ಇವನ ಬದುಕು ಬೇಸರದ್ದು' ಅಂತ ಒಂದು ಸಾಲು ಬರೆದಿದ್ದರೆ ಆ ದೃಶ್ಯ ಅಲ್ಲಿಗೇ ಸತ್ತುಹೋಗುತ್ತಿತ್ತು. ನಡಿಗೆ ಒಂದು ಕಡೆ, ವಾರಗಳ ಹೆಸರು ಇನ್ನೊಂದು ಕಡೆ. ಎರಡನ್ನೂ ಸೇರಿಸುವ ಕೆಲಸ ನೋಡುವವರದ್ದು. ಸೇರಿಸಿದ ಮೇಲೆ ಅದು ಅವರದೇ ಆಗಿಬಿಡುತ್ತದೆ.

ಕೊನೆಯ ಹತ್ತಿರ ಒಂದು ತರಗತಿ ಬರುತ್ತದೆ. ಅಪ್ಪ ಅಮ್ಮನನ್ನು ಕೊಟ್ಟಿದ್ದಕ್ಕೆ ದೇವರಿಗೆ ಯಾಕೆ ಕೃತಜ್ಞರಾಗಿರಬೇಕು ಅಂತ ಮೇಷ್ಟ್ರು ಕೇಳುತ್ತಾರೆ. ನನಗೆ ಗೊತ್ತಿಲ್ಲ, ನನಗೆ ಇಬ್ಬರೂ ಇಲ್ಲ ಅನ್ನುತ್ತಾನೆ ಹುಡುಗ. ಚೆಂದದ ವಸ್ತುಗಳನ್ನು ಹೇಳು ಅಂದರೆ ಒಬ್ಬ ಚಂದ್ರ, ಸೂರ್ಯ, ಹೂವು, ಆಟ ಅನ್ನುತ್ತಾನೆ. ಕುರೂಪದ ವಸ್ತುಗಳನ್ನು ಹೇಳು ಅಂದರೆ ಇನ್ನೊಬ್ಬ ಕೈ, ಕಾಲು, ತಲೆ ಅನ್ನುತ್ತಾನೆ. ಮಕ್ಕಳೆಲ್ಲ ನಗುತ್ತಾರೆ. ಆ ನಗುವನ್ನು ಫರೂಗ್ ಕತ್ತರಿಸುವುದಿಲ್ಲ. ಕುಷ್ಠದ ಮುಖಗಳನ್ನು ಅಲ್ಲಿಯವರೆಗೆ ನೋಡುತ್ತಾ ಬಂದ ನಾವು ಏನು ಮಾಡಬೇಕೆಂದು ತಿಳಿಯದೆ ಕೂತಿರುತ್ತೇವೆ. 'ಮನೆ' ಪದ ಸೇರಿಸಿ ಒಂದು ವಾಕ್ಯ ಬರಿ ಅಂತ ಮೇಷ್ಟ್ರು ಒಬ್ಬನನ್ನು ಬೋರ್ಡ್ ಹತ್ತಿರ ಕರೆಯುತ್ತಾರೆ. ಅವನು ಯೋಚಿಸುತ್ತಾ ನಿಂತಾಗ ಚಿತ್ರ ಹೊರಗೆ ಹೋಗುತ್ತದೆ. ಊರುಗೋಲು ಹಿಡಿದ ಒಬ್ಬಾತ ದಾರಿಯಲ್ಲಿ ನಮ್ಮ ಕಡೆ ನಡೆದು ಬರುತ್ತಾನೆ. ವಸತಿಯ ಗೇಟು ಮುಚ್ಚಿಕೊಳ್ಳುತ್ತದೆ. ಹುಡುಗ ಬರೆಯುತ್ತಾನೆ: ಮನೆ ಕಪ್ಪಗಿದೆ. ಈ ಚಿತ್ರೀಕರಣದ ನಂತರ ಫರೂಗ್ ಅಲ್ಲಿನ ಒಬ್ಬ ಹುಡುಗನನ್ನು ದತ್ತು ತೆಗೆದುಕೊಂಡರು. ಇದನ್ನು ಹೇಳಲು ಕಾರಣ ಇದೆ. ಪ್ರಯೋಗ ಮಾಡುವವರಿಗೆ ಎದುರಿನ ಮನುಷ್ಯರ ಬಗ್ಗೆ ಕಾಳಜಿ ಕಡಿಮೆ ಅನ್ನುವ ಮಾತು ಆಗಾಗ ಕೇಳುತ್ತೇವೆ. ಈ ಚಿತ್ರ ನೋಡಿದ ಮೇಲೆ ಆ ಮಾತನ್ನು ಒಪ್ಪಲು ಆಗುವುದಿಲ್ಲ.

ಅರ್ಥವಾಗುವುದಿಲ್ಲ ಅಂದಿರಿ. ಎಷ್ಟೋ ಚಿತ್ರಗಳಲ್ಲಿ ಅರ್ಥವಾಗಲು ಏನೂ ಇರುವುದಿಲ್ಲ, ಅದನ್ನು ಹೇಳಲು ಸಂಕೋಚ ಬೇಡ. ಮಂಜು, ಕನ್ನಡಿ, ಬಿಳಿ ಸೀರೆ, ಪಿಯಾನೊ ಸೇರಿಸಿದ ತಕ್ಷಣ ಕವಿತೆ ಆಗುವುದಿಲ್ಲ. ಆದರೆ ಕೆಲವು ಚಿತ್ರಗಳು ಅರ್ಥ ಕೇಳುವುದೇ ಇಲ್ಲ. ಅಮೆರಿಕದ ಸ್ಟಾನ್ ಬ್ರಾಕೇಜ್ 1963ರಲ್ಲಿ 'ಮಾತ್‌ಲೈಟ್' ಮಾಡಿದ್ದು ಕ್ಯಾಮೆರಾ ಇಲ್ಲದೆ. ದೀಪಕ್ಕೆ ಬಿದ್ದು ಸತ್ತ ಪತಂಗಗಳ ರೆಕ್ಕೆ, ಹುಲ್ಲು, ಹೂವಿನ ಎಸಳುಗಳನ್ನು ಎರಡು ಪಾರದರ್ಶಕ ಟೇಪಿನ ನಡುವೆ ಒತ್ತಿ ಅಂಟಿಸಿದರು. ಅದನ್ನೇ ಫಿಲ್ಮಿಗೆ ಪ್ರಿಂಟ್ ಹಾಕಿಸಿದರು. ಒಂದು ರೆಕ್ಕೆ ಹಲವು ಫ್ರೇಮ್‌ಗಳಿಗೆ ಅಡ್ಡವಾಗಿ ಮಲಗಿರುತ್ತದೆ. ಪ್ರೊಜೆಕ್ಟರ್ ಅದನ್ನು ಚೂರು ಚೂರಾಗಿ ತೋರಿಸುತ್ತಾ ಓಡುತ್ತದೆ. ಹಾಗಾಗಿ ಸತ್ತ ರೆಕ್ಕೆ ತೆರೆಯ ಮೇಲೆ ಪಟಪಟ ಬಡಿಯುತ್ತದೆ. ಮೂರ್ನಾಲ್ಕು ನಿಮಿಷ, ಸದ್ದೇ ಇಲ್ಲ. ಇದಕ್ಕೆ ಭಾವಾರ್ಥ ಬರೆಯಲು ಹೋಗಬೇಡಿ. ಕಣ್ಣು ಬಿಟ್ಟು ಕೂತರೆ ಸಾಕು.

ನಮ್ಮ ದೇಶದಲ್ಲಿ ಇದೆಲ್ಲ ನಡೆದೇ ಇಲ್ಲ ಅಂದುಕೊಳ್ಳಬೇಡಿ. ಸಿನಿಮಾಕ್ಕೆ ಮುಂಚೆ ಟಾಕೀಸಿನಲ್ಲಿ ಫಿಲ್ಮ್ಸ್ ಡಿವಿಷನ್ ರೀಲು ಹಾಕುತ್ತಿದ್ದುದು ಹಿರಿಯರಿಗೆ ನೆನಪಿರುತ್ತದೆ. ಅಣೆಕಟ್ಟು, ಕುಟುಂಬ ಯೋಜನೆಗಳ ಬಗ್ಗೆ ಚಿತ್ರ ಮಾಡುತ್ತಿದ್ದ ಆ ಸರ್ಕಾರಿ ಸಂಸ್ಥೆಯೇ 1967ರಲ್ಲಿ ಚಿತ್ರಕಲಾವಿದ ಎಂ.ಎಫ್. ಹುಸೇನ್ ಕೈಗೆ ಕ್ಯಾಮೆರಾ ಕೊಟ್ಟಿತು. ಯೌವನದಲ್ಲಿ ಮುಂಬೈಯಲ್ಲಿ ಸಿನಿಮಾ ಹೋರ್ಡಿಂಗ್ ಬರೆಯುತ್ತಿದ್ದವರು ಅವರು. ರಾಜಸ್ಥಾನಕ್ಕೆ ಹೋಗಿ 'ಥ್ರೂ ದಿ ಐಸ್ ಆಫ್ ಎ ಪೇಂಟರ್' ತೆಗೆದರು. ಕೊಡೆ, ಲಾಟೀನು, ಚಪ್ಪಲಿ, ಹಸು, ಕೋಟೆ, ಜನ. ಕೊಡೆಗೂ ಕೋಟೆಗೂ ಏನು ಸಂಬಂಧ ಅಂತ ಚಿತ್ರ ವಿವರಿಸುವುದಿಲ್ಲ. ಕಪ್ಪು ಕೊಡೆ ಮರಳಿನ ಬಯಲಿನಲ್ಲಿ ಬಂದು ಕೂತಾಗ ಇಡೀ ಬಯಲೇ ಬೇರೆ ಥರ ಕಾಣುತ್ತದೆ. ಅದೇ ವರ್ಷ ಬರ್ಲಿನ್ ಚಿತ್ರೋತ್ಸವದಲ್ಲಿ ಕಿರುಚಿತ್ರದ ಗೋಲ್ಡನ್ ಬೇರ್ ಪ್ರಶಸ್ತಿ ಇದಕ್ಕೆ ಸಿಕ್ಕಿತು. ಫಿಲ್ಮ್ಸ್ ಡಿವಿಷನ್‌ನಲ್ಲೇ ಕೆಲಸದಲ್ಲಿದ್ದ ಪ್ರಮೋದ್ ಪತಿ ಮರುವರ್ಷ 'ಎಕ್ಸ್‌ಪ್ಲೋರರ್' ಮಾಡಿದರು, ಏಳು ನಿಮಿಷದ ಬಿರುಸಿನ ಕಟ್‌ಗಳ ಚಿತ್ರ. ಸರ್ಕಾರಿ ದುಡ್ಡಲ್ಲಿ ಇಂಥದ್ದು ಆಯಿತು ಅನ್ನುವುದು ನನಗೆ ಇವತ್ತಿಗೂ ಸಂತೋಷದ ವಿಷಯ.

ಈಗ ನಿಮ್ಮ ಚಿತ್ರಕ್ಕೆ ಬರೋಣ. ದನಿಯನ್ನು ಪೂರ್ತಿ ತೆಗೆದು, ಸಂಗೀತವನ್ನೂ ತೆಗೆದು, ಒಂದು ಸಲ ನೋಡಿ. ಮಾತಿನ ಆಸರೆ ಇಲ್ಲದೆ ನಿಲ್ಲದ ಶಾಟ್‌ಗಳೆಲ್ಲ ತಾವಾಗಿಯೇ ಗೊತ್ತಾಗುತ್ತವೆ. ಅವನ್ನು ಬಿಡಿ, ಎಷ್ಟೇ ಚೆಂದ ಇದ್ದರೂ. ಆಮೇಲೆ ಸ್ವಿಚ್ಚಿನ ಶಾಟ್ ತೆಗೆದುಕೊಳ್ಳಿ. ಮನೆ ಇನ್ನೂ ನಿಮ್ಮ ಕೈಯಲ್ಲಿದ್ದರೆ ಅಲ್ಲಿಗೆ ಮತ್ತೆ ಹೋಗಿ. ಅಮ್ಮನ ಕೈಗೆ ನೋಡದೆಯೇ ಗೊತ್ತಿರುವ ಬೇರೆ ಜಾಗಗಳು ಯಾವುವು? ಚಿಲಕ ಇರಬಹುದು. ತಲೆ ತಗ್ಗಿಸಬೇಕಾದ ಬಾಗಿಲ ಪಟ್ಟಿ ಇರಬಹುದು. ಕತ್ತಲಲ್ಲೂ ಎಡವದೆ ದಾಟುವ ಹೊಸ್ತಿಲು ಇರಬಹುದು. ನಟಿಸಿ ಅಂತ ಹೇಳಬೇಡಿ. ಅವರು ಕೆಲಸ ಮಾಡುತ್ತಿರುವಾಗ ದೂರ ನಿಂತು ಕಾಯಿರಿ, ಮಾಮೂಲಿ ವೇಗದಲ್ಲೇ ತೆಗೆಯಿರಿ. ಈ ಕೈಗಳೇ ನಿಮ್ಮ ಚಿತ್ರದ ಬೆನ್ನೆಲುಬು ಆಗಬಲ್ಲವು. ಸ್ವಿಚ್ ಒಂದು ಸಲ ಬಂದರೆ ಸಾಲದು. ಮೊದಲು ಒಮ್ಮೆ ಬರಲಿ, ಕೊನೆಯ ಹೊತ್ತಿಗೆ ಇನ್ನೊಮ್ಮೆ. ಎರಡನೇ ಸಲ ದೀಪ ಹತ್ತುವುದಿಲ್ಲ ಅಂತ ನೋಡುವವರಿಗೆ ಮೊದಲೇ ಗೊತ್ತಿರುತ್ತದೆ. ಅಮ್ಮನಿಗೂ ಗೊತ್ತು. ಆದರೂ ಕೈ ಹೋಗುತ್ತದೆ. ಹತ್ತದೆ ಇದ್ದ ಮೇಲೂ ಕ್ಯಾಮೆರಾ ಅಲ್ಲೇ ಇರಲಿ, ಅವರು ಏನು ಮಾಡುತ್ತಾರೆ ನೋಡಲಿ.

ಕವಿತೆಯನ್ನು ಆಮೇಲೆ ತನ್ನಿ. ತೆರೆಯ ಮೇಲೆ ಕಾಣುವ ವಸ್ತುವಿನ ಹೆಸರಿರುವ ಸಾಲುಗಳನ್ನೆಲ್ಲ ಹೊಡೆದುಹಾಕಿ. ಬಹುಶಃ ಕಾಲು ಭಾಗ ಉಳಿಯುತ್ತದೆ. ಉಳಿದಿದ್ದನ್ನು ಓದುವಾಗ ಭಾವ ತುಂಬಬೇಡಿ. ದಿನಸಿ ಪಟ್ಟಿ ಓದಿದಷ್ಟು ಸಾದಾ ಇರಲಿ. ಸಂಗೀತದ ಜಾಗದಲ್ಲಿ ಆ ಮನೆಯದೇ ಸದ್ದು ಹಾಕಿ. ಕೊಳಲು ಜಾಸ್ತಿ ಆಗಿದೆ, ಅದು ನೋಡುವವರಿಗೆ ಈಗ ದುಃಖಪಡಿ ಅಂತ ಮೊದಲೇ ಹೇಳಿಬಿಡುತ್ತಿದೆ. ಅವಧಿ ಮೂರು ನಿಮಿಷಕ್ಕೆ ಇಳಿದರೂ ಚಿಂತೆ ಬೇಡ. ಕವಿತೆಯ ಚಿತ್ರಗಳಿಗೆಂದೇ 2002ರಲ್ಲಿ ಬರ್ಲಿನ್‌ನಲ್ಲಿ ಜೀಬ್ರಾ ಅನ್ನುವ ಉತ್ಸವ ಶುರುವಾಯಿತು. ಅಂಥ ಕಡೆ ತೋರಿಸುವ ಬಹುಪಾಲು ಚಿತ್ರಗಳು ಪುಟ್ಟವೇ.

ಅನುಮತಿಯ ವಿಷಯ. ನಮ್ಮ ಕಾನೂನಿನ ಪ್ರಕಾರ ಬರೆದವರು ತೀರಿಕೊಂಡ ನಂತರವೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ, ಲೆಕ್ಕ ಶುರುವಾಗುವುದು ಮರುವರ್ಷದ ಮೊದಲ ದಿನದಿಂದ. ಬೇಂದ್ರೆ ತೀರಿಕೊಂಡಿದ್ದು 1981ರಲ್ಲಿ. ಹಾಗಾಗಿ 2041ರ ಕೊನೆಯವರೆಗೆ ಹಕ್ಕುದಾರರ ಒಪ್ಪಿಗೆ ಬೇಕು, ಅದೂ ಬರಹದಲ್ಲಿ. ಚಿತ್ರ ತೆಗೆಯುವ ಮೊದಲೇ ಕೇಳಿ. ನನ್ನ ಸಲಹೆ ಏನೆಂದರೆ, ಬೇಂದ್ರೆ ಈಗಲೇ ಬೇಡ. ಅವರ ಸಾಲಿನಲ್ಲಿ ನಾದವೇ ಅರ್ಧ ಕೆಲಸ ಮಾಡಿಬಿಡುತ್ತದೆ. ಅದರ ಪಕ್ಕ ದೃಶ್ಯ ಸುಮ್ಮನೆ ತಾಳ ಹಾಕುತ್ತಾ ಕೂರುವ ಅಪಾಯ ಜಾಸ್ತಿ. ಮೊದಲು ಈ ಮನೆಯ ಚಿತ್ರ ಮುಗಿಸಿ.

ಹೊಸ ಕಟ್ ಆದ ಮೇಲೆ ನಿಮ್ಮ ಕವಿತೆ ಓದಿರದ ಯಾರಿಗಾದರೂ ತೋರಿಸಿ. 'ಅರ್ಥ ಆಯ್ತಾ' ಅಂತ ಕೇಳಬೇಡಿ, 'ಹೇಗಿದೆ' ಅಂತಲೂ ಬೇಡ. ಮರುದಿನ ಫೋನ್ ಮಾಡಿ, ಯಾವ ಶಾಟ್ ನೆನಪಿದೆ ಅಂತ ಮಾತ್ರ ಕೇಳಿ. ಉತ್ತರ ಬಂದ ಮೇಲೆ ಮತ್ತೆ ಎಡಿಟಿಂಗ್‌ಗೆ ಕೂತುಕೊಳ್ಳಿ.